ಕೌನ್ಸಿಲ್ಲೇ ಅಪ್ಪ-ಅಮ್ಮ: ಇಂಗ್ಲೆಂಡಿನಲ್ಲಿ ಹದಿನೆಂಟಕ್ಕೆ ಮನೆ ಬಿಡುವ ಮಕ್ಕಳ ಲೆಕ್ಕಾಚಾರ

ಆ ಫ್ಲ್ಯಾಟಿನ ನೆಲಕ್ಕೆ ಏನೂ ಹಾಸಿರಲಿಲ್ಲ, ಬರೀ ಸಿಮೆಂಟು. ಗೋಡೆಯ ಅಂಚಿನುದ್ದಕ್ಕೂ ಒಂದು ತೆಳುವಾದ ಮರದ ಪಟ್ಟಿ, ಅದರ ತುಂಬ ತಲೆ ಎತ್ತಿ ನಿಂತ ಪುಟ್ಟ ಮೊಳೆಗಳು. ಹಿಂದಿದ್ದವರ ಕಾರ್ಪೆಟ್ ಕಿತ್ತವರು ಅದನ್ನು ಹಿಡಿದಿದ್ದ ಪಟ್ಟಿಯನ್ನು ಹಾಗೇ ಬಿಟ್ಟು ಹೋಗಿದ್ದರು. ಹದಿನೆಂಟು ತುಂಬಿ ಆರು ದಿನ ಆಗಿದ್ದ ಹುಡುಗಿ ಕಾಲುಚೀಲದಲ್ಲೇ ಅದರ ಮೇಲೆ ಕಾಲಿಟ್ಟಳು. ಒಂಟಿ ಕಾಲಲ್ಲಿ ಕುಣಿದಳು, ಆಮೇಲೆ ನಕ್ಕಳು. ಅವಳ ಸಾಮಾನೆಲ್ಲ ಒಂದು ಸೂಟ್‌ಕೇಸಿನಲ್ಲಿ ಮತ್ತು ನಾಲ್ಕು ಕಪ್ಪು ಕಸದ ಚೀಲಗಳಲ್ಲಿತ್ತು.

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆ, ಸಾಮಾನ್ಯವಾಗಿ ಹೀಗೇ. ಗೋಡೆ, ಬಾಗಿಲು, ನಲ್ಲಿ ಇರುತ್ತದೆ. ಮಂಚ, ಒಲೆ, ಫ್ರಿಜ್ಜು, ಪರದೆ ಇರೋದಿಲ್ಲ, ಎಷ್ಟೋ ಕಡೆ ನೆಲಹಾಸೂ ಇರೋದಿಲ್ಲ. ಈ ಚಳಿಯಲ್ಲಿ ಸಿಮೆಂಟು ನೆಲ ಅಂದರೆ ಏನು ಅಂತ ನಮ್ಮೂರಿನ ರೆಡ್ ಆಕ್ಸೈಡ್ ನೆಲದ ಮೇಲೆ ಬೆಳೆದ ನನಗೆ ಮೊದಲು ಅರ್ಥವೇ ಆಗಿರಲಿಲ್ಲ.

ನಾನು ಅಲ್ಲಿದ್ದದ್ದು ಸಂಬಂಧಿಯಾಗಿ ಅಲ್ಲ, ಸಂಬಳದವಳಾಗಿಯೂ ಅಲ್ಲ. ಇಲ್ಲಿ 'ಇಂಡಿಪೆಂಡೆಂಟ್ ವಿಸಿಟರ್' ಅಂತ ಒಂದು ವ್ಯವಸ್ಥೆ ಇದೆ. ಹೆತ್ತವರಿಂದ ದೂರ, ಸರ್ಕಾರದ ಆರೈಕೆಯಲ್ಲಿರುವ ಮಗುವನ್ನು ತಿಂಗಳಿಗೊಮ್ಮೆ ಹೋಗಿ ನೋಡಿ, ಎಲ್ಲಾದರೂ ಸುತ್ತಾಡಿಸಿ, ಮಾತಾಡಿಸಿ ಬರುವ ಸ್ವಯಂಸೇವಕರು. ಆ ಕೆಲಸವೂ ಮಗುವಿಗೆ ಹದಿನೆಂಟು ಆದ ದಿನಕ್ಕೆ ಕಾಗದದ ಮೇಲೆ ಮುಗಿಯುತ್ತದೆ. ಅಂದರೆ ಆ ದಿನ ನಾನು ಅಲ್ಲಿ ಇರಲೇಬೇಕು ಅಂತೇನೂ ಇರಲಿಲ್ಲ. ಸುಮ್ನೆ ಹೋಗಿದ್ದೆ, ಚೀಲ ಎತ್ತಿಕೊಡೋಕೆ.

ರಾತ್ರಿ ಹಾಸನಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ಅಲ್ವೇ, ಹದಿನೆಂಟಕ್ಕೆ ನಿನಗೆ ಅನ್ನಕ್ಕೆ ನೀರೆಷ್ಟು ಇಡಬೇಕು ಅಂತ್ಲೇ ಗೊತ್ತಿರ್ಲಿಲ್ಲ. ಆ ಮಗೂನ ಒಬ್ಬಳನ್ನೇ ಬಿಟ್ಟು ಬಂದ್ಯಾ?" ಅಂದಳು. ಆಮೇಲೆ ಕೇಳಿದಳು: "ಅಲ್ಲಿ ಅವಳಿಗೆ ಯಾರಿದಾರೆ?"

ಕಾನೂನಿನ ಪ್ರಕಾರ ಉತ್ತರ ಇದೆ: ಕೌನ್ಸಿಲ್ ಇದೆ.

ಇಲ್ಲಿ ಕೌನ್ಸಿಲ್ ಅಂದರೆ ನಮ್ಮ ನಗರಪಾಲಿಕೆ ಅಥವಾ ಜಿಲ್ಲಾ ಪಂಚಾಯಿತಿ ಇದ್ದ ಹಾಗೆ. ಕಸ ಎತ್ತಿಸೋದು, ಬೀದಿ ದೀಪ, ಲೈಬ್ರರಿ, ಇವುಗಳ ಜೊತೆಗೆ ಮಕ್ಕಳ ರಕ್ಷಣೆಯೂ ಅದರದ್ದೇ. ಮನೆಯಲ್ಲಿ ಹೊಡೆತ, ಕುಡಿತ, ನಿರ್ಲಕ್ಷ್ಯ, ಇಲ್ಲವೇ ಸಾವು-ನೋವು ಯಾವುದೇ ಕಾರಣಕ್ಕೆ ಮಗು ಅಲ್ಲಿರೋಕೆ ಆಗದಿದ್ದರೆ ಕೌನ್ಸಿಲ್ ಅದನ್ನು ತನ್ನ ಆರೈಕೆಗೆ ತಗೊಳ್ಳುತ್ತದೆ. ಹೆಚ್ಚಿನ ಮಕ್ಕಳು ಫಾಸ್ಟರ್ ಮನೆಗಳಲ್ಲಿ, ಅಂದರೆ ಭತ್ಯೆ ಪಡೆದು ಮಕ್ಕಳನ್ನು ಸಾಕುವ ಕುಟುಂಬಗಳಲ್ಲಿ ಬೆಳೆಯುತ್ತಾರೆ. ಉಳಿದವರಲ್ಲಿ ಹಲವರು ಮಕ್ಕಳ ವಸತಿಗೃಹಗಳಲ್ಲಿ. ಇಂಗ್ಲೆಂಡ್ ಒಂದರಲ್ಲೇ ಹೀಗೆ 80,000ಕ್ಕೂ ಜಾಸ್ತಿ ಮಕ್ಕಳಿದ್ದಾರೆ. ಇದನ್ನು 'ಕೇರ್' ಅಂತಾರೆ. ದೊಡ್ಡವರಾಗಿ ಅಲ್ಲಿಂದ ಹೊರಬರುವವರು 'ಕೇರ್ ಲೀವರ್'ಗಳು. ಮತ್ತು ಅವರ ವಿಷಯದಲ್ಲಿ ಕೌನ್ಸಿಲ್ಲಿಗೆ ಇರುವ ಹೆಸರು 'ಕಾರ್ಪೊರೇಟ್ ಪೇರೆಂಟ್', ಅಂದರೆ ಸಂಸ್ಥೆಯ ರೂಪದ ತಂದೆ-ತಾಯಿ. ಕೇಳೋಕೇ ವಿಚಿತ್ರ ಅಲ್ವಾ?

ಹೆಸರು ಹಳೆಯದು. 1998ರಲ್ಲಿ ಆಗಿನ ಆರೋಗ್ಯ ಮಂತ್ರಿ ಫ್ರಾಂಕ್ ಡಾಬ್ಸನ್ ಎಲ್ಲ ಕೌನ್ಸಿಲರುಗಳಿಗೂ ಪತ್ರ ಬರೆದು, ಈ ಮಕ್ಕಳನ್ನು ನಿಮ್ಮ ಸ್ವಂತ ಮಕ್ಕಳಂತೆ ನೋಡಿ ಅಂದಿದ್ದರು. 2000ನೇ ಇಸವಿಯ ಕಾಯ್ದೆ ಹೊರಹೋಗುವ ಮಕ್ಕಳಿಗೆ ಒಬ್ಬ ಸಲಹೆಗಾರ, ಒಂದು ಲಿಖಿತ ಯೋಜನೆ ಇರಲೇಬೇಕು ಅಂತ ಮಾಡಿತು. 2017ರ ಕಾಯ್ದೆ 'ಕಾರ್ಪೊರೇಟ್ ಪೇರೆಂಟ್' ಹೇಗೆ ನಡೆದುಕೊಳ್ಳಬೇಕು ಅಂತ ಏಳು ತತ್ವ ಹಾಕಿಕೊಟ್ಟಿತು, ಸಲಹೆಗಾರರ ನೆರವನ್ನು 25 ವರ್ಷದವರೆಗೆ ಎಳೆಯಿತು, ಮತ್ತು ಪ್ರತಿ ಕೌನ್ಸಿಲ್ಲೂ ತಾನು ಏನೇನು ಕೊಡುತ್ತೇನೆ ಅನ್ನೋದನ್ನು ಪ್ರಕಟಿಸಬೇಕು ಅಂತ ಹೇಳಿತು.

ಲಂಡನ್ನಿಗೆ ಬಂದ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ಹೋಗೋದು ಕಡಿಮೆ. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದು ಇರೋದು ಲ್ಯಾಂಬೆತ್‌ನಲ್ಲಿ, ತನ್ನದೇ ಕೌನ್ಸಿಲ್ ಇರುವ ಲಂಡನ್ನಿನ ಒಂದು ಭಾಗದಲ್ಲಿ. ಅದರ ಹಿಂದೆ ಓಡಾಡಿದವರು ಕಲಬುರಗಿ ಕಡೆಯ ನೀರಜ್ ಪಾಟೀಲ್, ಅಲ್ಲಿ ಕೌನ್ಸಿಲರೂ ಮೇಯರೂ ಆಗಿದ್ದವರು. ಇಲ್ಲಿ ಕೌನ್ಸಿಲರ್ ಆಗೋದು ಅಂದರೆ ಬರೀ ರಸ್ತೆ, ಚರಂಡಿ ನೋಡಿಕೊಳ್ಳೋದಲ್ಲ. ಆ ಪ್ರದೇಶದ ಕೇರ್‌ನಲ್ಲಿರುವ ಅಷ್ಟೂ ಮಕ್ಕಳಿಗೆ ಉಳಿದ ಕೌನ್ಸಿಲರುಗಳ ಜೊತೆ ಸೇರಿ ಅಪ್ಪನೋ ಅಮ್ಮನೋ ಆಗೋದು.

ಆ ಹೊಣೆ ಎಷ್ಟು ಕೆಟ್ಟದಾಗಿ ಸೋಲಬಹುದು ಅನ್ನೋದಕ್ಕೂ ಲ್ಯಾಂಬೆತ್ತೇ ಸಾಕ್ಷಿ. ಪಾಟೀಲರ ಕಾಲಕ್ಕಿಂತ ಎಷ್ಟೋ ಹಿಂದೆ, 1960ರ ದಶಕದಿಂದ ಶುರುವಾಗಿ ಹಲವು ದಶಕ ಅಲ್ಲಿನ ಮಕ್ಕಳ ವಸತಿಗೃಹಗಳಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ 2021ರಲ್ಲಿ ಸ್ವತಂತ್ರ ವಿಚಾರಣಾ ಆಯೋಗ ವರದಿ ಕೊಟ್ಟಿತು. ಶರ್ಲಿ ಓಕ್ಸ್ ಸೇರಿದಂತೆ ಮೂರೇ ಮೂರು ವಸತಿಗೃಹಗಳಲ್ಲಿದ್ದ 700ಕ್ಕೂ ಜಾಸ್ತಿ ಜನ ದೂರು ಕೊಟ್ಟಿದ್ದರು. ಅಪ್ಪ-ಅಮ್ಮ ಅನ್ನೋ ಪದವನ್ನು ಕಾನೂನು ಸುಮ್ನೆ ಅಲಂಕಾರಕ್ಕೆ ಹಾಕಿಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಇಷ್ಟೆಲ್ಲ ಆದಮೇಲೂ ಆ ಪದಕ್ಕೆ ತಕ್ಕ ಹಾಗೆ ನಡೆಯೋದು ಯಾಕೆ ಕಷ್ಟ ಆಗಿದೆ ಅನ್ನೋದು ನನ್ನ ಪ್ರಶ್ನೆ.

ಮೊದಲು ಏನು ಸಿಗುತ್ತೆ ನೋಡೋಣ. ಹದಿನಾರಕ್ಕೇ 'ಪಾತ್‌ವೇ ಪ್ಲ್ಯಾನ್' ಶುರು: ಎಲ್ಲಿರುತ್ತೀಯ, ಏನು ಓದುತ್ತೀಯ, ದುಡ್ಡು ಹೇಗೆ, ಆರೋಗ್ಯ ಹೇಗೆ. ಆರು ತಿಂಗಳಿಗೊಮ್ಮೆ ಅದನ್ನು ಮತ್ತೆ ಕೂತು ನೋಡಬೇಕು. 'ಪರ್ಸನಲ್ ಅಡ್ವೈಸರ್' ಹೊಸ ಮನೆಗೆ ಹೋದ ಒಂದು ವಾರದೊಳಗೆ ಬಂದು ನೋಡಬೇಕು, ಆಮೇಲೆ ಕನಿಷ್ಠ ಎರಡು ತಿಂಗಳಿಗೊಮ್ಮೆ. ಮನೆ ಹೂಡೋಕೆ ಒಂದು ಸಲ ಕೊಡುವ ಹಣ 2023ರ ಏಪ್ರಿಲ್‌ನಿಂದ 3,000 ಪೌಂಡ್ ಆಗಿದೆ, ಮೊದಲು 2,000 ಇತ್ತು. ಯೂನಿವರ್ಸಿಟಿಗೆ ಹೋದರೆ 2,000 ಪೌಂಡ್, ಜೊತೆಗೆ ರಜೆಯಲ್ಲಿ ಇರೋಕೆ ಜಾಗ. ಅಪ್ರೆಂಟಿಸ್ ಆಗಿ ಸೇರಿದರೆ 3,000. ಬಾಡಿಗೆ ನೆರವಿನಲ್ಲೂ 25ರವರೆಗೆ ರಿಯಾಯಿತಿ ಇದೆ. ಉಳಿದ ಯುವಕರ ಹಾಗೆ ಹಂಚಿಕೊಂಡ ಮನೆಯ ಒಂದು ಕೋಣೆಯ ದರಕ್ಕೆ ಇವರನ್ನು ಇಳಿಸುವ ಹಾಗಿಲ್ಲ.

ಕಾಗದದ ಮೇಲೆ ಕಮ್ಮಿ ಏನಲ್ಲ. "ನಮ್ಮಲ್ಲಿ ಬಾಲಮಂದಿರದ ಮಕ್ಕಳಿಗೆ ಇಷ್ಟಾದರೂ ಇದ್ಯಾ?" ಅಂತ ಅಮ್ಮ ಕೇಳಿದಳು. ಇದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬಿ ಹೊರಬರುವವರಿಗೆ 21ರವರೆಗೆ ಹಣಕಾಸಿನ ನೆರವು ಕೊಡಬಹುದು ಅಂತಿದೆ. ಕರ್ನಾಟಕದಲ್ಲಿ ಅನುಪಾಲನಾ ಗೃಹಗಳಿವೆ, ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಆ ಕಥೆಯನ್ನು ಬಾಲಮಂದಿರಗಳ ಒಳಗೆ ಕೆಲಸ ಮಾಡಿದವರೇ ಬರೆಯಬೇಕು, ನಾನಲ್ಲ. ಇಂಗ್ಲೆಂಡಿನ ವಿಶೇಷ ಏನಂದರೆ, ನಮ್ಮ ಕಾನೂನು 'ನೆರವು' ಅನ್ನೋ ಕಡೆ ಇಲ್ಲಿಯವರು 'ಅಪ್ಪ-ಅಮ್ಮ' ಅಂದುಬಿಟ್ಟಿದ್ದಾರೆ. ಹಾಗಂದ ಮೇಲೆ ಆ ಅಳತೆಯಲ್ಲೇ ಅಳೆಯಬೇಕಲ್ವಾ.

ಈಗ 3,000 ಪೌಂಡಿಗೆ ಬರೋಣ. ಕೇಳೋಕೆ ದೊಡ್ಡ ಮೊತ್ತ. ನಮ್ಮ ಹುಡುಗಿಯ ಕೈಗೆ ಅದು ನೋಟಾಗಿ ಬರಲಿಲ್ಲ. ಅಡ್ವೈಸರ್ ಒಂದು ಪಟ್ಟಿ ಮಾಡಿ, ಕೌನ್ಸಿಲ್ ಒಪ್ಪಿದ ಅಂಗಡಿಯಿಂದಲೇ ಆರ್ಡರ್ ಹಾಕಬೇಕಿತ್ತು. ಪಕ್ಕದ ಬೀದಿಯಲ್ಲಿ ಒಬ್ಬರು ಚೆನ್ನಾಗಿರೋ ಹಳೇ ವಾಷಿಂಗ್ ಮೆಷಿನ್ನನ್ನು ಕಾಲು ಬೆಲೆಗೆ ಮಾರುತ್ತಿದ್ದರು. ತಗೊಳ್ಳೋ ಹಾಗಿರಲಿಲ್ಲ, ರಸೀದಿ ಇಲ್ಲವಲ್ಲ. ಕಾರ್ಪೆಟ್ಟಿಗೇ ಒಳ್ಳೇ ಪಾಲು ಹೋಯಿತು. ಒಲೆ ಬಂತು, ಅದನ್ನು ಗ್ಯಾಸಿಗೆ ಜೋಡಿಸೋಕೆ ಬೇರೆ ದುಡ್ಡು ಬೇಕಿತ್ತು, ಅದು ಪಟ್ಟಿಯಲ್ಲಿರಲಿಲ್ಲ. ಹನ್ನೊಂದು ದಿನ ಅವಳು ಕೆಟಲಿನ ನೀರಲ್ಲಿ ನೂಡಲ್ಸ್ ನೆನೆಸಿಕೊಂಡು ತಿಂದಳು. ಹೊಸ ಒಲೆ ಪಕ್ಕದಲ್ಲೇ ಪ್ಲಾಸ್ಟಿಕ್ ಕವರ್ ಸಮೇತ ನಿಂತಿತ್ತು.

ಕರೆಂಟಿಗೆ ಮುಂಗಡ ದುಡ್ಡು ಹಾಕುವ ಮೀಟರ್. ಒಂದು ಪ್ಲಾಸ್ಟಿಕ್ ಕೀ ತಗೊಂಡು ಮೂಲೆ ಅಂಗಡಿಗೆ ಹೋಗಿ, ಐದೋ ಹತ್ತೋ ಪೌಂಡ್ ತುಂಬಿಸಿ ತಂದು ಮೀಟರಿಗೆ ಚುಚ್ಚಬೇಕು. ಹಿಂದಿದ್ದವರು ಉಳಿಸಿಹೋದ ಸಾಲ ಮೀಟರಿನಲ್ಲೇ ಕೂತಿತ್ತು. ಇವಳು ಹಾಕಿದ ದುಡ್ಡು ಮೊದಲು ಅದಕ್ಕೆ ಹೋಗುತ್ತಿತ್ತು. ಮೂರು ವಾರ ಆದಮೇಲೆ ಇದು ಗೊತ್ತಾಗಿದ್ದು, ಅದೂ ನನ್ನ ಗಂಡ ಮೀಟರಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ್ದಕ್ಕೆ. ಅಪ್ಪ-ಅಮ್ಮ ಮಾಡೋ ಕೆಲಸ ನಿಜವಾಗಿ ಇಂಥದ್ದೇ ಅಲ್ವಾ? ಹೊಸ ಮನೆಗೆ ಬಂದು, ನಲ್ಲಿ ತಿರುಗಿಸಿ, ಮೀಟರ್ ನೋಡಿ, "ಇದ್ಯಾಕೆ ಇಷ್ಟು ಓಡ್ತಿದೆ?" ಅಂತ ಗೊಣಗೋದು.

ದುಡ್ಡಿನ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟು ತರಿಸುವ ಹೋಲಿಕೆ ಬೇರೆ ಇದೆ. 2022ರಲ್ಲಿ ಇಲ್ಲಿನ ಮಾರುಕಟ್ಟೆ ನಿಗಾ ಸಂಸ್ಥೆ ಮಕ್ಕಳ ಆರೈಕೆಯ ವ್ಯಾಪಾರವನ್ನು ಜಾಲಾಡಿತು. ದೊಡ್ಡ ಖಾಸಗಿ ಕಂಪನಿಗಳು ನಡೆಸುವ ವಸತಿಗೃಹಗಳಲ್ಲಿ ಒಂದು ಮಗುವಿಗೆ ಕೌನ್ಸಿಲ್ ಕೊಡುತ್ತಿದ್ದದ್ದು ವಾರಕ್ಕೆ ಸರಾಸರಿ 3,800 ಪೌಂಡಿನ ಆಸುಪಾಸು. ಆ ಕಂಪನಿಗಳ ಲಾಭ ನೂರಕ್ಕೆ 22ಕ್ಕೂ ಜಾಸ್ತಿ. ಅಂದರೆ ಹದಿನೇಳರ ಹುಡುಗನಿಗೆ ಒಂದೇ ವಾರಕ್ಕೆ ಖರ್ಚಾಗುವ ದುಡ್ಡು, ಅವನು ಹದಿನೆಂಟಾಗಿ ಇಡೀ ಸಂಸಾರ ಹೂಡೋಕೆ ಸಿಗುವ ದುಡ್ಡಿಗಿಂತ ಹೆಚ್ಚು. ಕೌನ್ಸಿಲ್ಲುಗಳಿಗೆ ಮನಸ್ಸಿಲ್ಲ ಅಂತ ನಾನು ಹೇಳೋದಿಲ್ಲ. ಕೈಯಲ್ಲಿ ಕಾಸಿಲ್ಲ. ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ಕೌನ್ಸಿಲ್ಲೇ 2023ರ ಸೆಪ್ಟೆಂಬರಿನಲ್ಲಿ ಹೆಚ್ಚುಕಮ್ಮಿ ದಿವಾಳಿ ಅಂತ ಘೋಷಿಸಿಕೊಂಡಿತು. ಚಿಕ್ಕ ಮಕ್ಕಳ ರಕ್ಷಣೆಗೆ ದುಡ್ಡು ಕಡಿತ ಮಾಡೋ ಹಾಗಿಲ್ಲ. ಕತ್ತರಿ ಬೀಳೋದು ಕಾನೂನು ಇಷ್ಟೇ ಕೊಡಬೇಕು ಅಂತ ಖಚಿತವಾಗಿ ಹೇಳದ ಕಡೆ. ಕೇರ್ ಲೀವರ್‌ಗಳ ಹೆಚ್ಚಿನ ಸೌಲಭ್ಯಗಳು ಇರೋದು ಅಲ್ಲೇ.

ಕತ್ತರಿ ಬೀಳುವ ಜಾಗ ಬೇರೆ ಬೇರೆ ಆದ್ದರಿಂದ ಊರಿಂದ ಊರಿಗೆ ವ್ಯತ್ಯಾಸ. ಕೌನ್ಸಿಲ್ ಟ್ಯಾಕ್ಸ್, ಅಂದರೆ ನಮ್ಮ ಕಂದಾಯದಂಥದ್ದು, ತಗೊಳ್ಳಿ. ಇಲ್ಲಿ ಬಾಡಿಗೆಯವರೇ ಅದನ್ನು ಕಟ್ಟಬೇಕು. ಸ್ಕಾಟ್‌ಲೆಂಡ್ 2018ರಲ್ಲಿ, ವೇಲ್ಸ್ 2019ರಲ್ಲಿ ಕೇರ್ ಲೀವರ್‌ಗಳಿಗೆ ದೇಶದುದ್ದಕ್ಕೂ ಇದನ್ನು ಮನ್ನಾ ಮಾಡಿದವು. ಇಂಗ್ಲೆಂಡ್ ಅದನ್ನು ಆಯಾ ಕೌನ್ಸಿಲ್ಲಿನ ಇಷ್ಟಕ್ಕೆ ಬಿಟ್ಟಿದೆ. ಒಂದು ಕಡೆ 25ರವರೆಗೆ ಪೂರ್ತಿ ಮನ್ನಾ, ಇನ್ನೊಂದು ಕಡೆ 21ರವರೆಗೆ ಮಾತ್ರ. ಎಷ್ಟೋ ಕಡೆ 'ನಮ್ಮ' ಮಕ್ಕಳಿಗೆ ಮಾತ್ರ, ಬೇರೆ ಕೌನ್ಸಿಲ್ ಬೆಳೆಸಿದವರಿಗೆ ಇಲ್ಲ.

ಇದರ ಮೇಲೆ ಇನ್ನೊಂದು ತೊಡಕು. ಇಂಗ್ಲೆಂಡಿನ ಹಲವು ಭಾಗಗಳಲ್ಲಿ ಎರಡು ಹಂತದ ಕೌನ್ಸಿಲ್ ಇದೆ. ಮೇಲಿನದು ಕೌಂಟಿ, ನಮ್ಮ ಜಿಲ್ಲಾ ಪಂಚಾಯಿತಿ ಅಂದುಕೊಳ್ಳಿ. ಕೆಳಗಿನದು ಡಿಸ್ಟ್ರಿಕ್ಟ್, ಅದು ತಾಲ್ಲೂಕು ಪಂಚಾಯಿತಿಯ ಅಳತೆಯದ್ದು, ಹೆಸರಿಗೆ ಮೋಸ ಹೋಗಬೇಡಿ. ಮಕ್ಕಳ ಹೊಣೆ ಕೌಂಟಿಯದು, ಮನೆ ಕೊಡೋದೂ ಕಂದಾಯ ವಸೂಲಿ ಮಾಡೋದೂ ಡಿಸ್ಟ್ರಿಕ್ಟಿನದು. ಅಂದರೆ ಅಪ್ಪ ಒಂದು ಆಫೀಸು, ಮನೆ ಬೀಗದ ಕೈ ಇನ್ನೊಂದು ಆಫೀಸು. ನಮ್ಮ ಹುಡುಗಿಯ ಕೌಂಟಿಯಲ್ಲಿ ಮನ್ನಾ ಇತ್ತು. ಆದರೆ ಅವಳು ಕೇರ್‌ನಲ್ಲಿ ಬೆಳೆದವಳು ಅಂತ ಅಡ್ವೈಸರ್ ಒಂದು ಪತ್ರ ಕೊಡಬೇಕಿತ್ತು. ಅದೇ ಹೊತ್ತಿಗೆ ಅಡ್ವೈಸರ್ ಕೆಲಸ ಬಿಟ್ಟರು, ಹೊಸಬರು ಬರೋಕೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಡಿಸ್ಟ್ರಿಕ್ಟಿನಿಂದ ಮೊದಲ ಬಿಲ್ಲು, ಜ್ಞಾಪನೆ, ಆಮೇಲೆ ಕೋರ್ಟಿನ ಸಮನ್ಸ್. ಬಾಕಿ ಉಳಿದರೆ ಇಲ್ಲಿ ಬೇಲಿಫ್ ಅನ್ನೋರು ಬಾಗಿಲು ಬಡಿಯುತ್ತಾರೆ, ನಮ್ಮಲ್ಲಿ ಕೋರ್ಟ್ ಅಮೀನ ಬಂದ ಹಾಗೆ. ಮಗಳ ಮನೆಗೆ ಅಮೀನನನ್ನು ಕಳಿಸುವ ಅಪ್ಪ! ಕೊನೆಗೆ ಒಂದು ಇಮೇಲಿನಲ್ಲಿ ಎಲ್ಲ ಸರಿಹೋಯಿತು. ಆ ಇಮೇಲ್ ಯಾರಿಗೆ ಬರೆಯಬೇಕು ಅಂತ ಹುಡುಕೋಕೆ ಮಾತ್ರ ನನಗೂ ಅವಳಿಗೂ ಎರಡು ಮಧ್ಯಾಹ್ನ ಹೋಯಿತು.

ಯಾರು ಕೇರ್ ಲೀವರ್ ಅನ್ನೋದಕ್ಕೂ ಒಂದು ಗೆರೆ ಇದೆ. 14ನೇ ವಯಸ್ಸಿನ ನಂತರ ಒಟ್ಟು 13 ವಾರವಾದರೂ ಕೇರ್‌ನಲ್ಲಿರಬೇಕು, 16 ತುಂಬಿದ ಮೇಲೂ ಸ್ವಲ್ಪ ದಿನ ಇದ್ದಿರಬೇಕು, ಆಗ ಮಾತ್ರ ಪೂರ್ತಿ ಸೌಲಭ್ಯ. ಹುಟ್ಟಿದಾಗಿಂದ ಹದಿಮೂರರವರೆಗೆ ಐದು ಫಾಸ್ಟರ್ ಮನೆ ಸುತ್ತಿ, ಆಮೇಲೆ ಅಜ್ಜಿಯ ಹತ್ತಿರ ಹೋದ ಹುಡುಗನಿಗೆ ಇದು ಯಾವುದೂ ಸಿಗೋದಿಲ್ಲ. ಒಂಟಿಯಾಗಿ ಗಡಿ ದಾಟಿ ಬಂದು ಕೇರ್ ಸೇರಿದ ನಿರಾಶ್ರಿತ ಮಕ್ಕಳದ್ದು ಇನ್ನೊಂದು ಗೋಳು. ಸೌಲಭ್ಯದ ಹಕ್ಕಿದ್ದರೂ ಆಶ್ರಯದ ಅರ್ಜಿ ಇತ್ಯರ್ಥ ಆಗದೆ ಕೆಲಸಕ್ಕೆ ಸೇರೋ ಹಾಗಿರಲ್ಲ.

ನಿರುದ್ಯೋಗ ಮತ್ತು ಕಡಿಮೆ ಆದಾಯದವರಿಗೆ ಕೊಡುವ 'ಯೂನಿವರ್ಸಲ್ ಕ್ರೆಡಿಟ್' ನೋಡಿ. 2025-26ರಲ್ಲಿ ಒಂಟಿ ವ್ಯಕ್ತಿಗೆ ತಿಂಗಳಿಗೆ ಸುಮಾರು 400 ಪೌಂಡ್. 25ರ ಒಳಗಿನವರಿಗೆ ಸುಮಾರು 317. ಯಾಕೆ ಕಡಿಮೆ? ಆ ವಯಸ್ಸಿನವರ ಖರ್ಚು ಕಮ್ಮಿ, ಹೆಚ್ಚಿನವರು ಅಪ್ಪ-ಅಮ್ಮನ ಮನೆಯಲ್ಲೇ ಇರುತ್ತಾರೆ ಅನ್ನೋ ಲೆಕ್ಕ. ಲೆಕ್ಕ ತಪ್ಪೇನಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ 49 ಲಕ್ಷ ವಯಸ್ಕ ಮಕ್ಕಳು ಹೆತ್ತವರ ಜೊತೆಗೇ ಇದ್ದರು. ಬಿಳಿಯರ ಮಕ್ಕಳು ಹದಿನೆಂಟಕ್ಕೆ ಹಾರಿಹೋಗುತ್ತಾರೆ ಅಂತ ನಾವು ಊರಲ್ಲಿ ಮಾತಾಡಿಕೊಳ್ಳೋದು ಈಗ ಅಷ್ಟು ನಿಜ ಅಲ್ಲ, ಬಾಡಿಗೆ ಹಾರೋಕೆ ಬಿಡಲ್ಲ. ಆದರೆ ಕೇರ್ ಲೀವರ್‌ಗೂ ಅದೇ 317. ಒಂದು ಇಲಾಖೆ "ನಾನೇ ನಿನ್ನ ಅಪ್ಪ-ಅಮ್ಮ" ಅನ್ನುತ್ತೆ. ಇನ್ನೊಂದು ಇಲಾಖೆ "ನಿನಗೆ ಅಪ್ಪ-ಅಮ್ಮ ಇರ್ತಾರಲ್ಲ, ಅದಕ್ಕೇ ಕಮ್ಮಿ" ಅನ್ನುತ್ತೆ.

ವೇಲ್ಸ್ ಈ ವಿಷಯದಲ್ಲಿ ಒಂದು ಗಟ್ಟಿ ಪ್ರಯೋಗ ಮಾಡಿತು. 2022ರ ಜುಲೈನಿಂದ ಒಂದು ವರ್ಷದ ಅವಧಿಯಲ್ಲಿ 18 ತುಂಬಿದ ಕೇರ್ ಲೀವರ್‌ಗಳಿಗೆ ಎರಡು ವರ್ಷ, ತಿಂಗಳಿಗೆ 1,600 ಪೌಂಡ್ (ತೆರಿಗೆ ಹೋಗಿ 1,280) ಯಾವ ಷರತ್ತೂ ಇಲ್ಲದೆ ಕೊಟ್ಟಿತು. 600ಕ್ಕೂ ಹೆಚ್ಚು ಯುವಜನ ಸೇರಿದರು. ಹದಿನೆಂಟರ ಹುಡುಗರ ಕೈಗೆ ಅಷ್ಟು ದುಡ್ಡು ಕೊಟ್ಟರೆ ಹಾಳು ಮಾಡ್ಕೊಳ್ತಾರೆ ಅಂತ ಪತ್ರಿಕೆಗಳಲ್ಲಿ ಗದ್ದಲವೂ ಆಯಿತು. ನನ್ನ ಅನುಮಾನ ಬೇರೆ. ದುಡ್ಡು ನಿಜಕ್ಕೂ ಬೇಕು, ಆದರೆ ಎರಡು ವರ್ಷ ಆದಮೇಲೆ ಬರುವ ಇಪ್ಪತ್ತೈದನೇ ತಿಂಗಳು ಹೇಗಿರುತ್ತೆ? ಪ್ರಪಾತವನ್ನು ಹದಿನೆಂಟರಿಂದ ಇಪ್ಪತ್ತಕ್ಕೆ ತಳ್ಳಿದ ಹಾಗೆ ಆಗಬಾರದು.

ಹಾಗಾದರೆ ಏನು ಕೊರತೆ? ನಮ್ಮಲ್ಲಿ ಅದಕ್ಕೆ ಒಂದು ಪದ ಇದೆ, ಇಂಗ್ಲಿಷಿನವರಿಗೆ ವಿವರಿಸಿ ಹೇಳೋಕೆ ನನಗೆ ಆಗಿಲ್ಲ: ತವರು. ದಿನಾ ಇರುವ ಜಾಗ ಅಲ್ಲ, ಬೇಕಾದಾಗ ವಾಪಸ್ ಹೋಗಬಹುದಾದ ಜಾಗ. ಗಂಡನ ಜೊತೆ ಜಗಳ ಆದರೆ, ಕೆಲಸ ಹೋದರೆ, ಜ್ವರ ಬಂದರೆ. ಬಾಣಂತನಕ್ಕೆ. ಬಾಣಂತನದ ಮಾತು ಬಂದಾಗ ಇದನ್ನೂ ಹೇಳಬೇಕು. ಕೇರ್‌ನಲ್ಲಿ ಬೆಳೆದ ತಾಯಂದಿರ ಮಕ್ಕಳನ್ನು ಮತ್ತೆ ಕೇರ್‌ಗೆ ತಗೊಳ್ಳುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ ಅಂತ ಇಲ್ಲಿನ ಅಧ್ಯಯನಗಳು ತೋರಿಸಿವೆ. ಹೆಣ್ಣುಮಗಳು ಬಸುರಿ ಅಂತ ಗೊತ್ತಾದಾಗ ಎಷ್ಟೋ ಸಲ ಈ 'ತಂದೆ-ತಾಯಿ' ಮೊದಲು ಬರೋದು ಅಂಟಿನುಂಡೆ ಹಿಡಿದು ಅಲ್ಲ, ಇವಳು ಮಗು ಸಾಕೋಕೆ ಯೋಗ್ಯಳಾ ಅಂತ ನೋಡುವ ಫಾರ್ಮ್ ಹಿಡಿದು.

ನಮ್ಮ ಹುಡುಗಿಗೆ ತವರಿನಂಥದ್ದು ಇತ್ತು. ಆರು ವರ್ಷ ಸಾಕಿದ ಫಾಸ್ಟರ್ ಅಮ್ಮ. 2014ರ ಕಾಯ್ದೆಯ 'ಸ್ಟೇಯಿಂಗ್ ಪುಟ್' ಪ್ರಕಾರ ಇಬ್ಬರೂ ಒಪ್ಪಿದರೆ 21ರವರೆಗೆ ಅಲ್ಲೇ ಇರಬಹುದು. ಇಬ್ಬರೂ ಒಪ್ಪಿದ್ದರು ಕೂಡ. ಆದರೆ ಹದಿನೆಂಟಾದ ಮೇಲೆ ಆಕೆಗೆ ಬರುವ ಭತ್ಯೆ ತುಂಬಾ ಇಳಿಯುತ್ತಿತ್ತು. ಫಾಸ್ಟರ್ ಕೆಲಸವೇ ಆಕೆಯ ದುಡಿಮೆ, ಮನೆಯಲ್ಲಿದ್ದದ್ದು ಎರಡೇ ಕೋಣೆ. ಹೊಸ ಮಗುವಿಗೆ ಕೋಣೆ ಬೇಕಾಯಿತು. ಆಕೆ ಅಳುತ್ತಲೇ ಸಾಮಾನು ಕಟ್ಟಿಕೊಟ್ಟರು. ವಸತಿಗೃಹದ ಮಕ್ಕಳಿಗಂತೂ ಈ ಹಕ್ಕೇ ಇರಲಿಲ್ಲ. ಹತ್ತಿರದಲ್ಲೇ ಮನೆ ಮಾಡಿಕೊಟ್ಟು ಹಳೇ ಸಿಬ್ಬಂದಿಯ ಜೊತೆ ನಂಟು ಉಳಿಸುವ 'ಸ್ಟೇಯಿಂಗ್ ಕ್ಲೋಸ್' ಕೆಲವೇ ಕಡೆ ಪ್ರಯೋಗವಾಗಿ ನಡೆಯುತ್ತಿತ್ತು.

ಹೊಸ ಊರಿನ ಡಾಕ್ಟರ ಹತ್ತಿರ ಹೆಸರು ನೋಂದಾಯಿಸುವಾಗ ಫಾರ್ಮಿನಲ್ಲಿ ಒಂದು ಖಾನೆ ಇತ್ತು: ತುರ್ತಿಗೆ ಯಾರನ್ನು ಕರೆಯಬೇಕು. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅಡ್ವೈಸರ ಆಫೀಸಿನ ನಂಬರ್ ಬರೆದಳು. ಸೋಮವಾರದಿಂದ ಶುಕ್ರವಾರ, ಒಂಬತ್ತರಿಂದ ಐದು.

ಅಡ್ವೈಸರುಗಳನ್ನು ಬೈಯೋದು ಸುಲಭ. ನಾನು ಕಂಡ ಮೂವರೂ ಒಳ್ಳೆಯವರೇ. ಒಬ್ಬರು ತಮ್ಮ ಮನೆಯ ಪರದೆ ತಂದುಕೊಟ್ಟಿದ್ದರು. ಆದರೆ ಒಬ್ಬೊಬ್ಬರ ಕೈಯಲ್ಲೂ ಇಪ್ಪತ್ತರ ಮೇಲೆ ಮಕ್ಕಳು. ಇಪ್ಪತ್ತು ಮಕ್ಕಳ ತಾಯಿ ಯಾರ ಮೀಟರ್ ನೋಡ್ತಾಳೆ? ಇನ್ನು ಕ್ರಿಸ್‌ಮಸ್ ದಿನ. ಇಲ್ಲಿ ಆವತ್ತು ಬಸ್ಸೂ ಇರಲ್ಲ, ಅಂಗಡಿಯೂ ಇರಲ್ಲ, ಯುಗಾದಿ-ದೀಪಾವಳಿ ಎರಡೂ ಒಂದೇ ದಿನ ಬಂದು ನಿಮ್ಮನ್ನೊಬ್ಬರನ್ನೇ ಹೊರಗೆ ನಿಲ್ಲಿಸಿದ ಹಾಗಿರುತ್ತೆ. ಕೇರ್‌ನಲ್ಲೇ ಬೆಳೆದ ಕವಿಯೊಬ್ಬರು 2013ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಥ ಯುವಜನರಿಗಾಗಿ ಕ್ರಿಸ್‌ಮಸ್ ಊಟ ಶುರು ಮಾಡಿದರು. ಈಗ ಅದು ಹಲವು ಊರುಗಳಲ್ಲಿ ನಡೆಯುತ್ತದೆ. ನಡೆಸೋರು ಸ್ವಯಂಸೇವಕರು.

ಇದೆಲ್ಲದರ ಫಲ ಅಂಕಿಗಳಲ್ಲಿ ಕಾಣುತ್ತೆ. 19ರಿಂದ 21ರ ಕೇರ್ ಲೀವರ್‌ಗಳಲ್ಲಿ ನೂರಕ್ಕೆ 40ರ ಆಸುಪಾಸು ಓದು, ಕೆಲಸ, ತರಬೇತಿ ಯಾವುದರಲ್ಲೂ ಇಲ್ಲ. ಅದೇ ವಯಸ್ಸಿನ ಉಳಿದವರ ಮೂರು ಪಟ್ಟು. 2023-24ರಲ್ಲಿ 18ರಿಂದ 20ರ 4,000ಕ್ಕೂ ಜಾಸ್ತಿ ಕೇರ್ ಲೀವರ್‌ಗಳು ಮನೆ ಇಲ್ಲ ಅಂತ ಕೌನ್ಸಿಲ್ ಬಾಗಿಲಿಗೆ ಬಂದರು. ಬಂದವರಲ್ಲಿ ಕೆಲವರಿಗೆ ಕಾನೂನು ಒಂದು ಹಣೆಪಟ್ಟಿ ಅಂಟಿಸಬಹುದಿತ್ತು: 'ಬೇಕಂತಲೇ ಮನೆ ಕಳಕೊಂಡವರು'. ಬಾಡಿಗೆ ಬಾಕಿ ಬಿದ್ದು, ಗೆಳೆಯರು ಗಲಾಟೆ ಮಾಡಿ ಮನೆ ಹೋಗಿದ್ದರೆ, ಅದು ನಿನ್ನದೇ ತಪ್ಪು, ಇನ್ನೊಂದು ಮನೆ ಕೊಡೋ ಹೊಣೆ ನಮಗಿಲ್ಲ ಅಂತ. ಹತ್ತೊಂಬತ್ತರಲ್ಲಿ ತಪ್ಪು ಮಾಡದವರು ಯಾರು? ನಾವು ಮಾಡಿದ ತಪ್ಪಿಗೆ ನಮ್ಮಪ್ಪ ಬೈದು, ಎರಡು ದಿನ ಮಾತು ಬಿಟ್ಟು, ಬಾಕಿ ಕಟ್ಟಿದರು. ವ್ಯತ್ಯಾಸ ಅಷ್ಟೇ.

ಇಡೀ ಕೇರ್ ವ್ಯವಸ್ಥೆಯನ್ನು ನೋಡೋಕೆ ಸರ್ಕಾರವೇ ನೇಮಿಸಿದ್ದ ಜೋಶ್ ಮ್ಯಾಕ್‌ಅಲಿಸ್ಟರ್ ಅವರ ಪರಿಶೀಲನಾ ವರದಿ 2022ರ ಮೇ ತಿಂಗಳಲ್ಲಿ ಬಂತು. ಜನಾಂಗ-ಬಣ್ಣ-ಧರ್ಮದ ಭೇದಕ್ಕೆ ಇರುವಂಥ ಕಾನೂನಿನ ರಕ್ಷಣೆಯನ್ನೇ ಕೇರ್‌ನಲ್ಲಿ ಬೆಳೆದವರಿಗೂ ಕೊಡಿ ಅಂದಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ನೂರಕ್ಕೂ ಹೆಚ್ಚು ಕೌನ್ಸಿಲ್ಲುಗಳು ತಮ್ಮ ಮಟ್ಟಿಗೆ ಠರಾವು ಪಾಸು ಮಾಡಿಕೊಂಡವು. ಠರಾವಿನ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಕೆಲವು ಕಡೆ ಅದರಿಂದ ಕೆಲಸದ ಸಂದರ್ಶನ, ಮನೆ ಹಂಚಿಕೆಯಲ್ಲಿ ನಿಜವಾದ ಬದಲಾವಣೆ ಬಂದಿದೆ. ಎಷ್ಟೋ ಕಡೆ ಫೋಟೊ ತೆಗೆಸಿಕೊಂಡದ್ದೇ ಬಂತು.

2024ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಮಕ್ಕಳ ಕ್ಷೇಮ ಮತ್ತು ಶಾಲೆಗಳ ಮಸೂದೆ ನನಗೆ ಹೆಚ್ಚು ಮುಖ್ಯ ಅನಿಸುತ್ತೆ. 'ಸ್ಟೇಯಿಂಗ್ ಕ್ಲೋಸ್' ನೆರವನ್ನು ಎಲ್ಲ ಕೌನ್ಸಿಲ್ಲುಗಳ ಕರ್ತವ್ಯ ಮಾಡೋದು, 'ಬೇಕಂತಲೇ' ಅನ್ನೋ ಹಣೆಪಟ್ಟಿಯನ್ನು ಕೇರ್ ಲೀವರ್‌ಗಳಿಗೆ ಹಚ್ಚದ ಹಾಗೆ ಮಾಡೋದು, ಕೌನ್ಸಿಲ್ ಆಚೆಗಿನ ಸರ್ಕಾರಿ ಇಲಾಖೆಗಳನ್ನೂ 'ಕಾರ್ಪೊರೇಟ್ ಪೇರೆಂಟ್' ಪಟ್ಟಿಗೆ ಸೇರಿಸೋದು ಅದರಲ್ಲಿದೆ. ಕೊನೆಯದು ನಿಜವಾಗಿ ಜಾರಿಗೆ ಬಂದರೆ 317 ಪೌಂಡಿನ ಇಲಾಖೆಯನ್ನೂ ಕೂರಿಸಿ ಕೇಳಬಹುದು. ಮನೆಗೆ 'ಈ ಊರಿನವರೇ ಆಗಿರಬೇಕು' ಅನ್ನೋ ಷರತ್ತನ್ನು 25ರ ಒಳಗಿನ ಕೇರ್ ಲೀವರ್‌ಗಳಿಗೆ ತೆಗೆಯುತ್ತೇವೆ ಅಂತ ಪ್ರಧಾನಿ ಸ್ಟಾರ್ಮರ್ 2024ರ ಸೆಪ್ಟೆಂಬರಿನಲ್ಲಿ ಹೇಳಿದ್ದರು, 2025ರಲ್ಲಿ ನಿಯಮವೂ ಬಂತು. ಇದು ಸಣ್ಣ ವಿಷಯ ಅಲ್ಲ. ಕೇರ್ ಮಕ್ಕಳಲ್ಲಿ ನೂರಕ್ಕೆ 40ಕ್ಕೂ ಜಾಸ್ತಿ ಜನರನ್ನು ಅವರ ಕೌನ್ಸಿಲ್ಲಿನ ಗಡಿಯ ಆಚೆಯೇ ಇಟ್ಟು ಬೆಳೆಸಲಾಗುತ್ತಿದೆ. ತಾವೇ ಬೇರೆ ಊರಿಗೆ ಕಳಿಸಿ, ಆಮೇಲೆ "ನೀನು ಯಾವೂರು?" ಅಂತ ಕೇಳುತ್ತಿದ್ದರು.

ಕಂದಾಯ ಮಾತ್ರ ಇನ್ನೂ ಆಯಾ ಕೌನ್ಸಿಲ್ಲಿನ ಇಷ್ಟ. ನಮ್ಮ ಹುಡುಗಿಗೆ ಈಗ ಇಪ್ಪತ್ತು. ಪಕ್ಕದ ಕೌಂಟಿಯ ಒಂದು ನರ್ಸರಿಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳೋ ಕೆಲಸ ಸಿಕ್ಕಿದೆ, ಹನ್ನೊಂದು ಮೈಲಿ ದೂರ. ಅಲ್ಲಿಗೇ ಮನೆ ಬದಲಾಯಿಸಿದರೆ ಕಂದಾಯ ಮನ್ನಾ ಆಗುತ್ತಾ ಅಂತ ಅಲ್ಲಿನ ಕೌನ್ಸಿಲ್ಲಿಗೆ ಫೋನ್ ಮಾಡಿ ಕೇಳಿದಳು. ನಮ್ಮಲ್ಲಿ ಬೆಳೆದವರಿಗೆ ಮಾತ್ರ ಅಂದರಂತೆ. ಹೋದ ಶನಿವಾರ ನಮ್ಮ ಮನೆಗೆ ಬಂದಿದ್ದಳು. ಚಿತ್ರಾನ್ನದಲ್ಲಿದ್ದ ಕಡಲೆಕಾಯಿ ಬೀಜವನ್ನೆಲ್ಲ ಆರಿಸಿ ತಿನ್ನುತ್ತಾ, ಬಿಲ್ಲಿನ ಹಿಂಭಾಗದಲ್ಲಿ ಲೆಕ್ಕ ಹಾಕುತ್ತಿದ್ದಳು: ಒಂದು ಕಡೆ ವರ್ಷದ ಬಸ್ ಪಾಸು, ಇನ್ನೊಂದು ಕಡೆ ವರ್ಷದ ಕಂದಾಯ. ಬಸ್ಸೇ ಅಗ್ಗ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಮೊದಲನೇದು.